ಹೊಸ ಹೆಡ್ ಹಾಕಿದ ಮೇಲೆ ಕಂಪ್ರೆಷನ್ ಎಲ್ಲಿ ಹೋಯಿತು?

ಪ್ರಶ್ನೆ: ಮಾನ್ಯರೇ, ನಮ್ಮದು ಸೋಮವಾರಪೇಟೆ ಬಳಿ ಕಾಫಿ ತೋಟ. ತೋಟದ ಕೆಲಸಕ್ಕೆ 2,523 ಸಿಸಿ ಡೀಸೆಲ್ ಎಂಜಿನ್ನಿನ ಹಳೆಯ ಮಹೀಂದ್ರ ಜೀಪ್ ಇದೆ. ಮಳೆಗಾಲದಲ್ಲಿ ರೇಡಿಯೇಟರ್ ಹೋಸ್ ಒಡೆದು, ಎಂಜಿನ್ ಕಾದು, ಸಿಲಿಂಡರುಗಳ ಮೇಲಿನ ಮುಚ್ಚಳವಾದ ಹೆಡ್ ಬಿರುಕು ಬಿಟ್ಟಿತು. ಬೇರೆ ಹೆಡ್ ತಂದು, ವಾಲ್ವ್ ಮತ್ತು ಸೀಟುಗಳನ್ನು ಲೇತ್ ಅಂಗಡಿಯಲ್ಲಿ ಗ್ರೈಂಡ್ ಮಾಡಿಸಿ, ಹೊಸ ಗ್ಯಾಸ್ಕೆಟ್ ಹಾಕಿ ಕೂರಿಸಿದರು. ಮೊದಲು ಚೆನ್ನಾಗಿಯೇ ಸ್ಟಾರ್ಟ್ ಆಗುತ್ತಿತ್ತು. ಐನೂರು ಕಿಲೋಮೀಟರ್ ಓಡಿದ ಮೇಲೆ, ಅವರೇ ಹೇಳಿದ್ದಂತೆ, ಹೆಡ್ ಬೋಲ್ಟ್‌ಗಳನ್ನು ಮತ್ತೊಮ್ಮೆ ಬಿಗಿ ಮಾಡಿಸಿದೆವು. ಆಮೇಲೆ ಬೆಳಗಿನ ಹೊತ್ತು ಎಷ್ಟು ಸೆಲ್ಫ್ ಹೊಡೆದರೂ ಎಂಜಿನ್ ಏಳುವುದಿಲ್ಲ. ಎದ್ದರೂ ಬಿಳಿ ಹೊಗೆ, ಮೈಯೆಲ್ಲ ನಡುಕ. ಒಂದೇ ಸಮಾಧಾನವೆಂದರೆ ಎಂಜಿನ್ ಮೊದಲಿಗಿಂತ ನಿಶ್ಶಬ್ದವಾಗಿದೆ, ಟ್ಯಾಪೆಟ್ ಸದ್ದು ಕೇಳಿಸುವುದೇ ಇಲ್ಲ. ಮಡಿಕೇರಿಯಲ್ಲಿ ಕಂಪ್ರೆಷನ್, ಅಂದರೆ ಪಿಸ್ಟನ್ ಗಾಳಿಯನ್ನು ಅಮುಕಿದಾಗ ಬರುವ ಒತ್ತಡ, ನೋಡಿಸಿದಾಗ ಒಂದರಿಂದ ನಾಲ್ಕನೇ ಸಿಲಿಂಡರಿನವರೆಗೆ ಕ್ರಮವಾಗಿ 350, 270, 345, 255 ಪಿಎಸ್‌ಐ ಬಂತು. ಹೆಡ್ ಮತ್ತೆ ಬಿಚ್ಚಬೇಕು, ಪಿಸ್ಟನ್ ರಿಂಗುಗಳನ್ನೂ ಬದಲಿಸಬೇಕು ಎನ್ನುತ್ತಿದ್ದಾರೆ. ಮತ್ತೆ ಅಷ್ಟು ದುಡ್ಡು ಸುರಿಯಬೇಕೆ?
– ಕೊಡಗಿನ ಒಬ್ಬ ಓದುಗರು

ಉತ್ತರ: ಹೆಡ್ ಬಿಚ್ಚಲು ಸದ್ಯಕ್ಕೆ ಒಪ್ಪಬೇಡಿ. ರಿಂಗುಗಳ ಮಾತನ್ನಂತೂ ಈಗ ಎತ್ತಲೇಬೇಡಿ. ನಿಮ್ಮ ಪತ್ರದಲ್ಲಿ ಎರಡು ಸಂಗತಿಗಳಿವೆ. ಒಂದು, ಬೋಲ್ಟ್ ಬಿಗಿ ಮಾಡಿದ ಮೇಲೆ ತೊಂದರೆ ಶುರುವಾಯಿತು. ಇನ್ನೊಂದು, ಟ್ಯಾಪೆಟ್ ಸದ್ದು ಅಡಗಿತು. ನೀವು ಸಮಾಧಾನಪಟ್ಟುಕೊಂಡ ಆ ಎರಡನೆಯ ಸಂಗತಿಯೇ ನನಗೆ ಆತಂಕ ತಂದದ್ದು. ಸ್ಕ್ರೂ ತಿರುಗಿಸಿ ಟ್ಯಾಪೆಟ್ ಹೊಂದಿಸುವ ಎಂಜಿನ್‌ಗಳಲ್ಲಿ ಸಣ್ಣದೊಂದು ಟಿಕ್ ಟಿಕ್ ಇರಲೇಬೇಕು. ವಾಲ್ವನ್ನು ಒತ್ತಿ ತೆರೆಯುವ ತೋಳಾದ ರಾಕರ್‌ಗೂ ವಾಲ್ವ್ ತುದಿಗೂ ನಡುವೆ ಸಂದು ಇದೆ ಎಂಬುದಕ್ಕೆ ಆ ಸದ್ದೇ ಸಾಕ್ಷಿ. ಸದ್ದು ಪೂರ್ತಿ ನಿಂತಿದ್ದರೆ ಸಂದು ಮುಚ್ಚಿರಬಹುದು. ಸಂದು ಮುಚ್ಚಿದರೆ ವಾಲ್ವ್ ತನ್ನ ಸೀಟಿನ ಮೇಲೆ ಪೂರ್ತಿ ಕೂರುವುದಿಲ್ಲ. ಕೂರದ ವಾಲ್ವ್ ಗಾಳಿಯನ್ನು ಹಿಡಿದಿಡುವುದಿಲ್ಲ.

ಇದು ಹೇಗಾಗುತ್ತದೆ ನೋಡಿ. ನಿಮ್ಮ ಎಂಜಿನ್ನಿನಲ್ಲಿ ವಾಲ್ವ್‌ಗಳನ್ನು ತೆರೆಸುವ ಕ್ಯಾಮ್‌ಶಾಫ್ಟ್ ಕೆಳಗೆ ಬ್ಲಾಕಿನಲ್ಲಿದೆ, ರಾಕರ್‌ಗಳು ಮೇಲೆ ಹೆಡ್ಡಿನಲ್ಲಿವೆ, ನಡುವೆ ಪುಶ್ ರಾಡ್. ಪುಶ್ ರಾಡಿನ ಉದ್ದ ಬದಲಾಗುವುದಿಲ್ಲ. ಹೆಡ್ಡಿಗೂ ಬ್ಲಾಕಿಗೂ ನಡುವಿನ ಹೊಸ ಗ್ಯಾಸ್ಕೆಟ್ ಕಾದು ತಣಿದು ಸ್ವಲ್ಪ ಅಮುಕಿಕೊಳ್ಳುತ್ತದೆ, ಬೋಲ್ಟ್ ಬಿಗಿ ಮಾಡಿದಾಗ ಹೆಡ್ ಇನ್ನಷ್ಟು ಕೆಳಗಿಳಿಯುತ್ತದೆ. ಹೆಡ್ ಇಳಿದರೆ ರಾಕರ್ ಕೂಡ ಪುಶ್ ರಾಡಿನ ಕಡೆಗೆ ಇಳಿಯಿತು, ಅಷ್ಟರಮಟ್ಟಿಗೆ ಟ್ಯಾಪೆಟ್ ಸಂದು ಕಡಿಮೆಯಾಯಿತು. ಇದರ ಜೊತೆಗೆ ವಾಲ್ವ್ ಮತ್ತು ಸೀಟು ಗ್ರೈಂಡ್ ಮಾಡಿಸಿದ್ದೀರಿ. ಗ್ರೈಂಡ್ ಮಾಡಿದ ವಾಲ್ವ್ ಸೀಟಿನೊಳಗೆ ಆಳಕ್ಕೆ ಹೋಗುತ್ತದೆ, ಅದರ ಕಾಂಡದ ತುದಿ ರಾಕರ್ ಕಡೆಗೆ ಮೇಲೇಳುತ್ತದೆ. ಹೊಸ ಸೀಟು ಹೊಂದಿಕೊಳ್ಳುವ ಮೊದಲ ದಿನಗಳಲ್ಲಿ ಇನ್ನೂ ಸ್ವಲ್ಪ ಏಳುತ್ತದೆ. ಎರಡೂ ಕಡೆಯಿಂದ ಒತ್ತಿದಾಗ ಕೂದಲೆಳೆಯಷ್ಟಿದ್ದ ಸಂದು ಎಲ್ಲಿ ಉಳಿಯಬೇಕು? ಆದ್ದರಿಂದಲೇ ಹೆಡ್ ಬೋಲ್ಟ್ ಮತ್ತೆ ಬಿಗಿ ಮಾಡಿದ ಪ್ರತಿ ಸಲವೂ ಟ್ಯಾಪೆಟ್ ಹೊಂದಿಸಲೇಬೇಕು. ಬೋಲ್ಟ್ ಬಿಗಿ ಮಾಡಿ ರಾಕರ್ ಕವರ್ ಮುಚ್ಚಿ ಕಳಿಸುವುದು ಅರ್ಧ ಕೆಲಸ. ಈ ಅರ್ಧ ಕೆಲಸಕ್ಕೆ ಮಾಲೀಕರು ಎರಡು ಸಲ ದುಡ್ಡು ತೆರುವುದನ್ನು ನೋಡಿದಾಗೆಲ್ಲ ನನಗೆ ಸಿಟ್ಟು ಬರುತ್ತದೆ.

ಇನ್ನು ನಿಮ್ಮ ಅಂಕಿಗಳು. ಮೊದಲು ಒಂದು ಮಾತು: 350 ಎಂಬುದನ್ನು ನೋಡಿ ಗಾಬರಿಯಾಗಬೇಡಿ. ಮಡಿಕೇರಿ ಸಮುದ್ರಮಟ್ಟದಿಂದ ಸುಮಾರು 1,150 ಮೀಟರ್ ಎತ್ತರದಲ್ಲಿದೆ. ಅಲ್ಲಿ ಗಾಳಿಯ ಒತ್ತಡ ಕರಾವಳಿಗಿಂತ ಸುಮಾರು ಎಂಟನೇ ಒಂದು ಭಾಗ ಕಡಿಮೆ. ಮಂಗಳೂರಿನಲ್ಲಿ 400 ತೋರಿಸುವ ಎಂಜಿನ್ ಮಡಿಕೇರಿಯಲ್ಲಿ 350ರ ಆಸುಪಾಸು ತೋರಿಸುತ್ತದೆ. ಆ ಲೆಕ್ಕದಲ್ಲಿ ನಿಮ್ಮ ಒಂದು ಮತ್ತು ಮೂರನೇ ಸಿಲಿಂಡರುಗಳು ಆರೋಗ್ಯವಾಗಿವೆ. ಕಂಪ್ರೆಷನ್ ನೋಡುವಾಗ ಒಂಟಿ ಅಂಕಿಗಿಂತ ಸಿಲಿಂಡರುಗಳ ನಡುವಿನ ಅಂತರಕ್ಕೇ ಹೆಚ್ಚು ಬೆಲೆ. ಬ್ಯಾಟರಿ ಸೊರಗಿದ್ದು ಎಂಜಿನ್ ನಿಧಾನವಾಗಿ ತಿರುಗಿದರೂ ಅಂಕಿ ಇಳಿಯುತ್ತದೆ, ಆದರೆ ನಾಲ್ಕರಲ್ಲೂ ಒಂದೇ ಸಮ ಇಳಿಯುತ್ತದೆ. ನಿಮ್ಮಲ್ಲಿ ಇಳಿದಿರುವುದು ಎರಡು ಮತ್ತು ನಾಲ್ಕು ಮಾತ್ರ.

ಅವೆರಡೂ ಅಕ್ಕಪಕ್ಕದವಲ್ಲ ಎಂಬುದನ್ನು ಗಮನಿಸಿ. ಎರಡು ಸಿಲಿಂಡರುಗಳ ನಡುವಿನ ಪಟ್ಟಿಯಲ್ಲಿ ಗ್ಯಾಸ್ಕೆಟ್ ಸುಟ್ಟಿದ್ದರೆ ಅಕ್ಕಪಕ್ಕದ ಜೋಡಿ, ಅಂದರೆ ಒಂದು-ಎರಡು, ಎರಡು-ಮೂರು ಅಥವಾ ಮೂರು-ನಾಲ್ಕು, ಹೆಚ್ಚುಕಡಿಮೆ ಒಂದೇ ಮಟ್ಟಕ್ಕೆ ಕುಸಿಯುತ್ತವೆ. ನಡುವಿನ ಮೂರನೆಯದು 345 ತೋರಿಸುತ್ತಿರುವಾಗ ಆ ಗುಮಾನಿಗೆ ಜಾಗವಿಲ್ಲ. ಪಿಸ್ಟನ್ನಿನ ಪಕ್ಕದಿಂದ ಗಾಳಿ ಸೋರದಂತೆ ತಡೆಯುವ ರಿಂಗುಗಳ ವಿಷಯಕ್ಕೆ ಬಂದರೆ, ಅವು ಸವೆಯುವುದು ವರ್ಷಗಟ್ಟಲೆ ನಿಧಾನವಾಗಿ. ಬೋಲ್ಟ್ ಬಿಗಿ ಮಾಡಿದ ದಿನ ನೋಡಿ ಸವೆಯುವುದಿಲ್ಲ. ಎಂಜಿನ್ ಒಮ್ಮೆ ವಿಪರೀತ ಕಾದಿರುವುದರಿಂದ ರಿಂಗುಗಳ ಬಿಗಿ ಕಡಿಮೆಯಾಗಿರುವ ಸಾಧ್ಯತೆಯನ್ನು ನಾನು ತಳ್ಳಿಹಾಕುವುದಿಲ್ಲ. ಆದರೆ ಹಾಗಾಗಿದ್ದರೆ ಹೆಡ್ ಕೂರಿಸಿದ ಮೊದಲ ಬೆಳಿಗ್ಗೆಯೇ ಸ್ಟಾರ್ಟ್ ಮಾಡಲು ಕಷ್ಟವಾಗಬೇಕಿತ್ತು. ಬಿಳಿ ಹೊಗೆಯನ್ನೂ ಮೂಸಿ ನೋಡಿ. ಕಣ್ಣು ಉರಿಸುವ ಡೀಸೆಲ್ ವಾಸನೆಯಿದ್ದರೆ ಅದು ಉರಿಯದೆ ಹೊರಬಂದ ಡೀಸೆಲ್. ಗಾಳಿ ಸಾಕಷ್ಟು ಅಮುಕಿ ಕಾಯದಿದ್ದರೆ ಡೀಸೆಲ್ ಹೊತ್ತಿಕೊಳ್ಳುವುದಿಲ್ಲ. ವಾಸನೆ ಇಲ್ಲದ ಆವಿಯಾಗಿದ್ದು ರೇಡಿಯೇಟರ್ ನೀರೂ ಇಳಿಯುತ್ತಿದ್ದರೆ ಮಾತ್ರ ಗ್ಯಾಸ್ಕೆಟ್ ಅಥವಾ ಬಿರುಕಿನ ಕಡೆ ತಿರುಗಬೇಕು.

ಮೊದಲ ಕೆಲಸ ಟ್ಯಾಪೆಟ್. ನಿಮ್ಮ ಎಂಜಿನ್ನಿನ ಕೈಪಿಡಿಯಲ್ಲಿ ಗಾಳಿ ಒಳಬಿಡುವ ಇನ್ಲೆಟ್ ಮತ್ತು ಹೊಗೆ ಹೊರಬಿಡುವ ಎಕ್ಸಾಸ್ಟ್ ವಾಲ್ವ್ ಎರಡಕ್ಕೂ ಸಂದಿನ ಅಳತೆ ಕೊಟ್ಟಿರುತ್ತಾರೆ, ತಣ್ಣಗಿರುವಾಗ ನೋಡಬೇಕೋ ಬಿಸಿಯಾಗಿರುವಾಗಲೋ ಎಂದೂ ಹೇಳಿರುತ್ತಾರೆ. ಅದನ್ನೇ ಹಿಡಿಯಿರಿ, ಬೇರೆ ಜೀಪಿನ ಅಳತೆ ಬೇಡ. ಡೀಸೆಲ್ ಸಿಂಪಡಿಸುವ ನಾಲ್ಕು ನಾಜಲ್‌ಗಳನ್ನೂ ಬಿಚ್ಚಿಟ್ಟರೆ ಎಂಜಿನ್ ಕೈಯಲ್ಲೇ ತಿರುಗುತ್ತದೆ. ಫೈರಿಂಗ್ ಕ್ರಮ 1-3-4-2. ನಾಲ್ಕನೇ ಸಿಲಿಂಡರಿನ ಎಕ್ಸಾಸ್ಟ್ ಮುಚ್ಚುತ್ತ ಇನ್ಲೆಟ್ ತೆರೆಯುವ ಘಳಿಗೆಯಲ್ಲಿ ಎರಡೂ ರಾಕರ್‌ಗಳು ಒಟ್ಟಿಗೆ ಅಲುಗುತ್ತವೆ. ಆಗ ಒಂದನೆಯದರ ಎರಡೂ ವಾಲ್ವ್‌ಗಳು ಪೂರ್ತಿ ಮುಚ್ಚಿರುತ್ತವೆ, ಅವನ್ನು ಹೊಂದಿಸಿ. ಎರಡನೆಯದು ಅಲುಗುವಾಗ ಮೂರನೆಯದು, ಒಂದನೆಯದು ಅಲುಗುವಾಗ ನಾಲ್ಕನೆಯದು, ಮೂರನೆಯದು ಅಲುಗುವಾಗ ಎರಡನೆಯದು. ಅಲುಗುವ ಸಿಲಿಂಡರ್ ಮತ್ತು ಹೊಂದಿಸುವ ಸಿಲಿಂಡರ್ ಕೂಡಿಸಿದರೆ ಯಾವಾಗಲೂ ಐದು ಎಂದು ನೆನಪಿಟ್ಟುಕೊಂಡರೆ ತಪ್ಪುವುದಿಲ್ಲ. ಸಂದು ಅಳೆಯುವ ತೆಳು ಎಲೆಗಳ ಫೀಲರ್ ಗೇಜ್ ಸಂದಿನಲ್ಲಿ ಸ್ವಲ್ಪ ಹಿಡಿದು ಎಳೆದಂತೆ ಜಾರಬೇಕು. ಸ್ಕ್ರೂ ಸಡಿಲಿಸುವ ಮೊದಲು ಈಗಿರುವ ಸಂದು ಎಷ್ಟಿದೆ ಎಂದು ಪ್ರತಿ ವಾಲ್ವಿಗೂ ಬರೆದಿಟ್ಟುಕೊಳ್ಳಿ. ಎರಡು ಮತ್ತು ನಾಲ್ಕರಲ್ಲಿ ಗೇಜಿನ ಅತಿ ತೆಳ್ಳಗಿನ ಎಲೆಯೂ ತೂರದಿದ್ದರೆ ನಿಮ್ಮ ಪ್ರಶ್ನೆಗೆ ಉತ್ತರ ಅಲ್ಲೇ ಸಿಕ್ಕಿತು. ರಾಕರ್‌ಗಳನ್ನು ನೋಡುವಾಗಲೇ ಪುಶ್ ರಾಡುಗಳು ನೆಟ್ಟಗಿವೆಯೇ, ಎರಡೂ ತುದಿ ತಮ್ಮ ಬಟ್ಟಲಿನಲ್ಲಿ ಕುಳಿತಿವೆಯೇ ಎಂದೂ ಕೈಯಲ್ಲಿ ತಿರುಗಿಸಿ ನೋಡಿ.

ಅಲ್ಲಿಯವರೆಗೆ ದಯವಿಟ್ಟು ಜೀಪ್ ಓಡಿಸಬೇಡಿ. ಎಕ್ಸಾಸ್ಟ್ ವಾಲ್ವ್ ತನ್ನ ಶಾಖವನ್ನು ಹೆಚ್ಚಾಗಿ ಬಿಟ್ಟುಕೊಡುವುದು ಸೀಟಿನ ಮೇಲೆ ಕೂತಾಗಲೇ. ಕೂರಲು ಬಿಡದಿದ್ದರೆ ಅದರ ಅಂಚು ಸುಡುತ್ತದೆ. ಈಗ ಫೀಲರ್ ಗೇಜಿನಲ್ಲಿ ಮುಗಿಯುವ ಕೆಲಸಕ್ಕೆ ಆಮೇಲೆ ನಿಜವಾಗಿಯೂ ಹೆಡ್ ಬಿಚ್ಚಬೇಕಾಗುತ್ತದೆ. ಚಳಿಯಲ್ಲಿ ಏಳದ ಎಂಜಿನ್ನಿಗೆ ಏರ್ ಕ್ಲೀನರ್ ಮೂಲಕ ಈಥರ್ ಸ್ಪ್ರೇ ಹೊಡೆಯುವ ಅಭ್ಯಾಸವೊಂದಿದೆ. ಅದು ಹೊತ್ತಲ್ಲದ ಹೊತ್ತಿನಲ್ಲಿ ಸಿಡಿದು ರಿಂಗ್ ಮತ್ತು ಪಿಸ್ಟನ್ ಒಡೆದ ಎಂಜಿನ್‌ಗಳನ್ನು ನಾನು ಬಿಚ್ಚಿದ್ದೇನೆ. ನಿಮ್ಮ ಚಾಲಕರಿಗೆ ಅದನ್ನು ಖಂಡಿತ ಬೇಡವೆಂದು ಹೇಳಿ.

ಟ್ಯಾಪೆಟ್ ಸರಿಮಾಡಿಯೂ ಅಂಕಿ ಏರದಿದ್ದರೆ? ಆಗಲೂ ಸ್ಪ್ಯಾನರ್ ಹೆಡ್ ಬೋಲ್ಟಿಗೆ ಹೋಗಬಾರದು. ಸಿಲಿಂಡರಿನೊಳಕ್ಕೆ ಗಾಳಿ ತುಂಬಿ, ಅದು ಎಲ್ಲಿಂದ ಹೊರಬರುತ್ತದೆ ಎಂದು ಕಿವಿಗೊಟ್ಟು ಕೇಳಬೇಕು. ಕೆಟ್ಟುಹೋದ ಹಳೆಯ ನಾಜಲ್ ಒಂದರ ಒಳಭಾಗವನ್ನೆಲ್ಲ ತೆಗೆಸಿ, ಅದರ ತಲೆಗೆ ಗಾಳಿ ಪೈಪಿನ ನಿಪ್ಪಲ್ ಬೆಸುಗೆ ಹಾಕಿಸಿಕೊಳ್ಳಿ. ಯಾವುದೇ ಲೇತ್ ಅಂಗಡಿಯಲ್ಲಿ ಮಾಡಿಕೊಡುತ್ತಾರೆ. ನೋಡಬೇಕಾದ ಸಿಲಿಂಡರಿನ ಪಿಸ್ಟನ್ ಕಂಪ್ರೆಷನ್ ಸ್ಟ್ರೋಕಿನ ತುತ್ತತುದಿಯಲ್ಲಿರಬೇಕು. ಚಕ್ರಗಳಿಗೆ ಕಲ್ಲು ಕೊಟ್ಟು, ಗೇರಿಗೆ ಹಾಕಿ, ಹ್ಯಾಂಡ್ ಬ್ರೇಕ್ ಎಳೆದು, ಫ್ಯಾನಿನಿಂದ ಕೈ ದೂರವಿಟ್ಟ ಮೇಲೆ ಪಂಕ್ಚರ್ ಅಂಗಡಿಯ ಕಂಪ್ರೆಸರಿನಿಂದ ಸುಮಾರು 80 ಪಿಎಸ್‌ಐ ಗಾಳಿ ಬಿಡಿ. ಪಿಸ್ಟನ್ ತುದಿಯಿಂದ ಚೂರು ಆಚೀಚೆ ಇದ್ದರೂ ಆ ಗಾಳಿ ಎಂಜಿನ್ನನ್ನೇ ತಿರುಗಿಸಿಬಿಡುತ್ತದೆ, ಬೆರಳು ಹೋಗುತ್ತದೆ. ಈ ಎಚ್ಚರವನ್ನು ಹಗುರಾಗಿ ತೆಗೆದುಕೊಳ್ಳಬೇಡಿ.

ಈಗ ಒಂದು ಮೊಳ ರಬ್ಬರ್ ಕೊಳವೆಯ ಒಂದು ತುದಿಯನ್ನು ಕಿವಿಗೆ ಹಿಡಿದು ಇನ್ನೊಂದನ್ನು ಎಂಜಿನ್ನಿನ ಸುತ್ತ ಒಯ್ಯಿರಿ. ಆಯಿಲ್ ಹಾಕುವ ಬಾಯಲ್ಲಿ ಮೆಲ್ಲಗೆ ಉಸಿರಾಡುವಂತೆ ಕೇಳಿಸುವುದು ಸಹಜ, ರಿಂಗುಗಳ ಸಂದಿನಿಂದ ಸ್ವಲ್ಪ ಗಾಳಿ ಯಾವಾಗಲೂ ಹೋಗುತ್ತದೆ. ಅಲ್ಲಿ ಭೋರೆಂದು ಬಂದರೆ ಮಾತ್ರ ರಿಂಗ್. ಏರ್ ಕ್ಲೀನರ್ ಬಾಯಲ್ಲಿ ಬುಸುಗುಟ್ಟಿದರೆ ಇನ್ಲೆಟ್ ವಾಲ್ವ್, ಸೈಲೆನ್ಸರಿನಲ್ಲಿ ಬುಸುಗುಟ್ಟಿದರೆ ಎಕ್ಸಾಸ್ಟ್. ರೇಡಿಯೇಟರ್ ಮುಚ್ಚಳ ತೆಗೆದಿಟ್ಟು ನೋಡಿದಾಗ ಗುಳ್ಳೆ ಎದ್ದರೆ ಗ್ಯಾಸ್ಕೆಟ್ ಇಲ್ಲವೇ ಬಿರುಕು. ಪಕ್ಕದ ಸಿಲಿಂಡರಿನ ನಾಜಲ್ ತೂತಿನಿಂದ ಬಂದರೆ ನಡುವಿನ ಗ್ಯಾಸ್ಕೆಟ್.

ಸೈಲೆನ್ಸರಿನಿಂದ ಗಾಳಿ ಬರುತ್ತಿದೆ ಎಂದಿಟ್ಟುಕೊಳ್ಳಿ. ಗಾಳಿ ಹಾಗೆಯೇ ಹರಿಯುತ್ತಿರಲಿ. ಆ ಎಕ್ಸಾಸ್ಟ್ ವಾಲ್ವಿನ ಟ್ಯಾಪೆಟ್ ಲಾಕ್ ನಟ್ ಸಡಿಲಿಸಿ, ಸ್ಕ್ರೂವನ್ನು ಒಂದೊಂದೇ ಸುತ್ತು ಹಿಂದಕ್ಕೆ ತಿರುಗಿಸಿ, ರಾಕರನ್ನು ಬೆರಳಲ್ಲಿ ಅಲುಗಿಸಿ ನೋಡಿ. ರಾಕರ್ ಸಡಿಲವಾದ ಕೂಡಲೇ ಬುಸುಗುಟ್ಟುವಿಕೆ ಥಟ್ಟನೆ ನಿಂತರೆ ವಾಲ್ವೂ ಸೀಟೂ ಚೆನ್ನಾಗಿವೆ, ತಪ್ಪಿದ್ದು ಟ್ಯಾಪೆಟ್. ರಾಕರ್ ಗಡಗಡ ಅಲುಗುತ್ತಿದ್ದರೂ ಗಾಳಿ ಹೋಗುತ್ತಲೇ ಇದ್ದರೆ ತಾಮ್ರದ ಸುತ್ತಿಗೆಯಿಂದ ವಾಲ್ವ್ ಕಾಂಡದ ತಲೆಗೆ ಮೆಲ್ಲಗೆ ಎರಡು ಏಟು ಕೊಡಿ. ವಾಲ್ವ್ ಒಮ್ಮೆ ತೆರೆದು ಪಟ್ಟನೆ ಮುಚ್ಚುತ್ತದೆ. ಸೀಟಿನ ಮೇಲೆ ಇಂಗಾಲದ ಚೂರು ಸಿಕ್ಕಿಕೊಂಡಿದ್ದರೆ ಗಾಳಿಯೇ ಅದನ್ನು ಹೊಡೆದುಕೊಂಡು ಹೋಗುತ್ತದೆ. ಇಷ್ಟಾಗಿಯೂ ನಿಲ್ಲದಿದ್ದರೆ ಸೀಟು ಸರಿಯಾಗಿ ಗ್ರೈಂಡ್ ಆಗಿಲ್ಲ, ಅಥವಾ ವಾಲ್ವ್ ಬಾಗಿದೆ. ಆಗ ಹೆಡ್ ಬಿಚ್ಚಿ. ಆಗ ಬಿಚ್ಚುವುದಕ್ಕೆ ಕಾರಣ ನಿಮ್ಮ ಕೈಯಲ್ಲಿರುತ್ತದೆ, ಲೇತ್ ಅಂಗಡಿಯವರ ಎದುರು ನಿಂತು ಕೇಳುವುದಕ್ಕೂ ಆಧಾರವಿರುತ್ತದೆ.

ಬಿಚ್ಚಲೇಬೇಕಾಗಿ ಬಂದರೆ ಕೆಲವು ಮಾತು. ನಿಮ್ಮ ಹೆಡ್ಡಿನ ತಳ ಚಪ್ಪಟೆ. ಹೆಡ್ಡನ್ನು ಪಕ್ಕಕ್ಕೆ ಮಲಗಿಸಿ, ಗಾಳಿ, ಹೊಗೆ ಹೋಗಿಬರುವ ಪೋರ್ಟುಗಳು ಮೇಲೆ ಬರುವಂತೆ ಮಾಡಿ, ಆ ಪೋರ್ಟುಗಳೊಳಗೆ ಸೀಮೆಎಣ್ಣೆ ತುಂಬಿ. ಸ್ವಲ್ಪ ಹೊತ್ತಿನ ಮೇಲೆ ವಾಲ್ವ್ ಮುಖದ ಸುತ್ತ ಒದ್ದೆಯಾದರೆ ಅದೇ ಕಳ್ಳ. ವಾಲ್ವ್ ಮುಖ ಹೆಡ್ಡಿನ ಮಟ್ಟದಿಂದ ಎಷ್ಟು ಆಳಕ್ಕೆ ಹೋಗಿದೆ ಎಂದೂ ಅಳೆಯಿಸಿ. ಇದನ್ನು ಯಾರೂ ಅಳೆಯುವುದೇ ಇಲ್ಲ. ನಿಮ್ಮ ಎಂಜಿನ್ನಿನ ಒಂದು ಸಿಲಿಂಡರ್ ಸುಮಾರು 631 ಸಿಸಿ. ಕಂಪ್ರೆಷನ್ ಅನುಪಾತ, ಅಂದರೆ ಅಮುಕುವ ಮೊದಲಿನ ಪೂರ್ತಿ ಜಾಗಕ್ಕೂ ಅಮುಕಿದ ಮೇಲೆ ಉಳಿಯುವ ಜಾಗಕ್ಕೂ ಇರುವ ಅನುಪಾತ, 18ಕ್ಕೆ 1 ಎಂದು ಹಿಡಿದರೆ, ಪಿಸ್ಟನ್ ಮೇಲೆ ಬಂದಾಗ ಉಳಿಯುವ ಜಾಗ ಬರೀ 37 ಸಿಸಿ. ಗ್ಯಾಸ್ಕೆಟ್ ಅರ್ಧ ಮಿಲಿಮೀಟರ್ ದಪ್ಪವಾದದ್ದು ಬಂದರೆ ಆ ಜಾಗಕ್ಕೆ ಇನ್ನೂ 3 ಸಿಸಿ ಸೇರುತ್ತದೆ, ಅನುಪಾತ 17ಕ್ಕಿಂತ ಕೆಳಗಿಳಿಯುತ್ತದೆ. ವಾಲ್ವ್‌ಗಳು ಆಳಕ್ಕೆ ಹೋದರೂ ಆಗುವುದು ಅದೇ. ಸೋರಿಕೆ ಎಲ್ಲಿಯೂ ಇರುವುದಿಲ್ಲ, ಆದರೂ ಡಿಸೆಂಬರ್ ಮಂಜಿನಲ್ಲಿ ಎಂಜಿನ್ ಏಳುವುದಿಲ್ಲ.

ಇದೇ ಲೆಕ್ಕ ಇನ್ನೊಂದಕ್ಕೂ ಉಪಯೋಗ. ಸಿಲಿಂಡರಿಗೆ ಎಣ್ಣೆ ಬಿಟ್ಟಾಗ ಕಂಪ್ರೆಷನ್ ಏರಿದರೆ ರಿಂಗ್ ಸವೆದಿದೆ ಎಂದು ತೀರ್ಪು ಕೊಡುತ್ತಾರೆ. 37 ಸಿಸಿ ಜಾಗಕ್ಕೆ 5 ಸಿಸಿ ಎಣ್ಣೆ ಬಿಟ್ಟರೆ ಉಳಿಯುವುದು 32. ಅನುಪಾತ 18ರಿಂದ 20ರ ಮೇಲಕ್ಕೆ ತಾನಾಗಿಯೇ ಏರುತ್ತದೆ, ರಿಂಗ್ ಹೊಚ್ಚಹೊಸದಾಗಿದ್ದರೂ! ಮೇಲಾಗಿ ನಿಮ್ಮದು ಡೀಸೆಲನ್ನು ನೇರವಾಗಿ ಪಿಸ್ಟನ್ ಮೇಲೆ ಸಿಂಪಡಿಸುವ ಡೈರೆಕ್ಟ್ ಇಂಜೆಕ್ಷನ್ ಎಂಜಿನ್, ಪಿಸ್ಟನ್ ತಲೆಯಲ್ಲಿ ಗುಳಿ ಇರುತ್ತದೆ. ಎಣ್ಣೆ ಬಹುಪಾಲು ಆ ಗುಳಿಯಲ್ಲೇ ನಿಲ್ಲುತ್ತದೆ, ರಿಂಗಿನವರೆಗೆ ಹೋಗುವುದೇ ಇಲ್ಲ. ಈ ಒಂದು ಪರೀಕ್ಷೆಯ ಮೇಲೆ ಯಾರಾದರೂ ರಿಂಗ್ ಬದಲಿಸಬೇಕೆಂದರೆ ನಂಬಬೇಡಿ. ಗಾಳಿ ಪರೀಕ್ಷೆ ಕೇಳಿ.

ಮತ್ತೆ ಹೆಡ್ ಕೂರಿಸುವಾಗ ಬ್ಲಾಕಿನ ಮೇಲೆ ಎಮರಿ ಕಾಗದ ಉಜ್ಜಲು ಬಿಡಬೇಡಿ. ಆ ಪುಡಿ ಪಿಸ್ಟನ್ ಅಂಚಿನ ಸಂದಿಗೆ ಇಳಿದು ಸಿಲಿಂಡರಿನ ಒಳಗೋಡೆಯಾದ ಲೈನರನ್ನು ಗೀರುತ್ತದೆ. ಸೀಮೆಎಣ್ಣೆ, ಡೀಸೆಲ್ ಸುರಿದು ತೊಳೆದ ಲೈನರಿಗೆ ಎಂಜಿನ್ ಆಯಿಲ್ ಸವರಿಯೇ ಹೆಡ್ ಮುಚ್ಚಬೇಕು, ಒಣಗಿದ ಲೈನರಿನಲ್ಲಿ ಹೊಸ ರಿಂಗೂ ಗಾಳಿ ಬಿಡುತ್ತದೆ. ಬೋಲ್ಟ್ ತೂತುಗಳಲ್ಲಿ ನೀರು ಅಥವಾ ಎಣ್ಣೆ ನಿಂತಿದ್ದರೆ ಊದಿ ತೆಗೆಯಿರಿ. ಇಲ್ಲದಿದ್ದರೆ ಟಾರ್ಕ್ ರೆಂಚ್ ಬಿಗಿಯಾಯಿತು ಎನ್ನುತ್ತದೆ, ಹೆಡ್ ಮಾತ್ರ ಬಿಗಿಯಾಗಿರುವುದಿಲ್ಲ.

ಪ್ರಶ್ನೆ: ಸರ್, ನನ್ನ ಮಾರುತಿ 800 ಕಾದು ನಿಂತ ಮೇಲೆ ಬೇರೆ ಹೆಡ್ ಹಾಕಿಸಿದೆ. ಸ್ಟಾರ್ಟ್ ಆಗುತ್ತದೆ, ಆದರೆ ಏರು ಹತ್ತುವುದಿಲ್ಲ. ಮೂರೂ ಸಿಲಿಂಡರುಗಳಲ್ಲಿ ಕಂಪ್ರೆಷನ್ 110ರ ಹತ್ತಿರವೇ ಇದೆ. ಮೂರೂ ಒಟ್ಟಿಗೆ ಕೆಡಲು ಸಾಧ್ಯವೇ?
– ತುಮಕೂರಿನ ಒಬ್ಬ ಓದುಗರು

ಉತ್ತರ: ಮೂರೂ ಒಂದೇ ಸಮ ಕಡಿಮೆಯಾಗಿದ್ದರೆ ಕಾರಣವೂ ಮೂರಕ್ಕೂ ಸೇರಿದ ಒಂದೇ ಆಗಿರುತ್ತದೆ. ಮೊದಲು ಅಳತೆಯನ್ನೇ ಅನುಮಾನಿಸಿ. ಪೆಟ್ರೋಲ್ ಎಂಜಿನ್ನಿನ ಕಂಪ್ರೆಷನ್ ನೋಡುವಾಗ ಮೂರೂ ಪ್ಲಗ್ ಬಿಚ್ಚಿರಬೇಕು, ಆಕ್ಸಿಲರೇಟರನ್ನು ತಳದವರೆಗೆ ಒತ್ತಿ ಹಿಡಿದಿರಬೇಕು. ಒತ್ತದಿದ್ದರೆ ಥ್ರಾಟಲ್ ಮುಚ್ಚಿರುತ್ತದೆ, ಒಳಗೆ ಗಾಳಿಯೇ ಹೋಗುವುದಿಲ್ಲ, ಒಳ್ಳೆಯ ಎಂಜಿನ್ ಕೂಡ ಕಡಿಮೆ ತೋರಿಸುತ್ತದೆ. ಎಷ್ಟೋ ಕಾರುಗಳ ಮೇಲೆ ಈ ಸುಳ್ಳು ಆರೋಪ ಬಿದ್ದಿದೆ.

ಹಾಗೆ ನೋಡಿಯೂ 110 ಬಂದರೆ ಕ್ಯಾಮ್‌ಶಾಫ್ಟನ್ನು ತಿರುಗಿಸುವ ಟೈಮಿಂಗ್ ಬೆಲ್ಟ್ ನೋಡಿ. ನಿಮ್ಮ ಎಂಜಿನ್ನಿನಲ್ಲಿ ಕ್ಯಾಮ್‌ಶಾಫ್ಟ್ ಹೆಡ್ಡಿನಲ್ಲೇ ಇದೆ. ಹೆಡ್ ತೆಗೆದವರು ಬೆಲ್ಟನ್ನೂ ಬಿಚ್ಚಿ ಹಾಕಿರುತ್ತಾರೆ. ಕ್ಯಾಮ್ ಒಂದು ಹಲ್ಲು ಹಿಂದೆ ಬಿದ್ದಿದ್ದರೆ ಇನ್ಲೆಟ್ ವಾಲ್ವ್ ತಡವಾಗಿ ಮುಚ್ಚುತ್ತದೆ. ಅಷ್ಟರಲ್ಲಿ ಪಿಸ್ಟನ್ ಮೇಲಕ್ಕೆ ಹೊರಟು ಒಳಗೆ ಎಳೆದುಕೊಂಡ ಗಾಳಿಯಲ್ಲಿ ಒಂದಿಷ್ಟನ್ನು ಬಂದ ದಾರಿಯಲ್ಲೇ ವಾಪಸು ತಳ್ಳಿರುತ್ತದೆ. ಆಗ ಮೂರರಲ್ಲೂ ಸಮನಾಗಿ ಕಂಪ್ರೆಷನ್ ಇಳಿಯುತ್ತದೆ, ಎಳೆತವೂ ಹೋಗುತ್ತದೆ. ಬೆಲ್ಟ್ ಕವರ್ ತೆಗೆದು, ಕ್ರ್ಯಾಂಕ್ ಮತ್ತು ಕ್ಯಾಮ್ ಪುಲ್ಲಿಗಳ ಗುರುತುಗಳು ತಮ್ಮ ತಮ್ಮ ಗುರುತಿಗೆ ಎದುರಾಗಿ ನಿಲ್ಲುತ್ತವೆಯೇ ನೋಡಿಸಿ. ಸರಿಮಾಡಿದ ಮೇಲೆ ಸ್ಪ್ಯಾನರ್ ಹಾಕಿ ಕೈಯಲ್ಲೇ ಎರಡು ಪೂರ್ತಿ ಸುತ್ತು ತಿರುಗಿಸಿ, ಗುರುತುಗಳು ಮತ್ತೆ ಅಲ್ಲಿಗೇ ಬಂದರೆ ಮಾತ್ರ ಸೆಲ್ಫ್ ಹೊಡೆಯಲಿ. ಗುರುತು ಸರಿಯಿದ್ದು ಟ್ಯಾಪೆಟ್ ಕೂಡ ಸರಿಯಿದ್ದರೆ ಮಾತ್ರ, ಎಂಜಿನ್ ಕಾದಿದ್ದರಿಂದ ರಿಂಗುಗಳ ಕಡೆ ಹೋಗಿ.

ಪ್ರಶ್ನೆ: ಗದ್ದೆಗೆ ನೀರೆತ್ತುವ 5 ಅಶ್ವಶಕ್ತಿಯ ಸಿಂಗಲ್ ಸಿಲಿಂಡರ್ ಡೀಸೆಲ್ ಎಂಜಿನ್ನಿಗೆ ಹೊಸ ಹೆಡ್ ಹಾಕಿಸಿದೆವು. ಹ್ಯಾಂಡಲ್ ಹಗುರಾಗಿ ತಿರುಗುತ್ತದೆ, ಎಂಜಿನ್ ಹೊತ್ತಿಕೊಳ್ಳುವುದಿಲ್ಲ. ಟ್ಯಾಪೆಟ್ ಸರಿಯಿದೆ.
– ಗಂಗಾವತಿಯ ಒಬ್ಬ ರೈತರು

ಉತ್ತರ: ಡಿಕಂಪ್ರೆಷನ್ ಲಿವರ್ ನೋಡಿ, ಅಣ್ಣ. ಹ್ಯಾಂಡಲ್ ಹಗುರಾಗಲೆಂದೇ ವಾಲ್ವನ್ನು ಒತ್ತಿ ಹಿಡಿಯುವ ಲಿವರ್ ಅದು. ಹೆಡ್ ಬದಲಾದಾಗ ಅದರ ಹೊಂದಾಣಿಕೆಯೂ ಬದಲಾಗುತ್ತದೆ, ಲಿವರ್ ಬಿಟ್ಟ ಮೇಲೂ ವಾಲ್ವನ್ನು ಸ್ವಲ್ಪ ಒತ್ತಿಕೊಂಡೇ ಇರಬಹುದು. ಲಿವರ್ ಬಿಟ್ಟ ಸ್ಥಿತಿಯಲ್ಲಿ ಅದಕ್ಕೂ ವಾಲ್ವಿಗೂ ನಡುವೆ ಖಾಲಿ ಜಾಗ ಇರಬೇಕು. ಲಿವರ್ ಬಿಟ್ಟು ಹ್ಯಾಂಡಲ್ ನಿಧಾನವಾಗಿ ತಿರುಗಿಸಿದಾಗ ಒಂದು ಕಡೆ ಗಟ್ಟಿಯಾಗಿ ತಡೆದು ಹಿಂದಕ್ಕೆ ನೂಕಿದರೆ ಕಂಪ್ರೆಷನ್ ಬಂತು.

ಬಾರದಿದ್ದರೆ ನಾಜಲ್ ಕೆಳಗಿನ ತಾಮ್ರದ ವಾಷರ್ ನೋಡಿ. ಹಳೆಯದು ತೂತಿನಲ್ಲೇ ಉಳಿದು ಅದರ ಮೇಲೆ ಹೊಸದು ಕೂತಿದ್ದರೆ ಪಕ್ಕದಿಂದ ಗಾಳಿ ಹೋಗುತ್ತದೆ. ಸೋಪು ನೀರು ಹಚ್ಚಿ ತಿರುಗಿಸಿ, ಗುಳ್ಳೆ ಬರುತ್ತದೆ. ಆಮೇಲೆ ಪಿಸ್ಟನ್ ತಲೆಗೂ ಹೆಡ್ಡಿಗೂ ನಡುವಿನ ಸಂದನ್ನು ಸೀಸದ ತಂತಿಯಿಂದ ಅಳೆಯಿಸಿ. ನಾಜಲ್ ತೂತಿನಿಂದ ತಂತಿಯ ತುದಿಯನ್ನು ಪಿಸ್ಟನ್ ಅಂಚಿನ ಮೇಲೆ ಇಳಿಬಿಟ್ಟು, ಕೈಯಲ್ಲೇ ತುತ್ತತುದಿ ದಾಟಿಸಿ ಹೊರತೆಗೆದರೆ ತಂತಿ ಚಪ್ಪಟೆಯಾಗಿರುತ್ತದೆ. ಆ ದಪ್ಪವನ್ನು ಕೈಪಿಡಿಯ ಅಳತೆಯ ಜೊತೆ ಹೋಲಿಸಿ. ಹೆಚ್ಚಿದ್ದರೆ ಹೆಡ್ ಕೂರಿಸಿದವರು ಹಳೆಯ ಗ್ಯಾಸ್ಕೆಟ್ ತೆಗೆಯದೆ ಹೊಸದನ್ನೂ ಸೇರಿಸಿದ್ದಾರೆಯೇ ಎಂದು ಮೊದಲು ಕೇಳಿ.